ಹಾರ್ಟ್ ರಿಹ್ಯಾಬ್: ಸೆಂಟರ್‌ಗೆ ಹೋಗಬೇಕಾ, ಮನೆಯಿಂದಲೇ ಮಾಡಬಹುದಾ?

ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಮಾಡಿಸಿಕೊಂಡವರು ಡಿಸ್ಚಾರ್ಜ್ ಆಗುವಾಗ ಕೈಯಲ್ಲಿ ಒಂದು ಕಟ್ಟು ಕಾಗದ ಇರುತ್ತದೆ. ಮಾತ್ರೆಗಳ ಪಟ್ಟಿಯನ್ನು ಮನೆಯವರೆಲ್ಲ ಸೇರಿ ಓದುತ್ತಾರೆ. ಮುಂದಿನ ಚೆಕಪ್ ಯಾವತ್ತು ಅಂತ ಗುರುತು ಹಾಕಿಕೊಳ್ಳುತ್ತಾರೆ. ‘ಕಾರ್ಡಿಯಾಕ್ ರಿಹ್ಯಾಬ್‌ಗೆ ಸೇರಿಕೊಳ್ಳಿ’ ಎನ್ನುವ ಸಾಲು ಮಾತ್ರ ಹಾಗೇ ಉಳಿದುಬಿಡುತ್ತದೆ. ಆಪರೇಷನ್ ಆಯ್ತು, ಮಾತ್ರೆ ಇದೆ, ಇನ್ನು ವ್ಯಾಯಾಮ ಯಾಕೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ.

ರಿಹ್ಯಾಬ್ ಅಂದರೆ ಬರೀ ವ್ಯಾಯಾಮ ಅಲ್ಲ. ಎಷ್ಟು ನಡೆಯಬಹುದು, ಯಾವಾಗ ನಿಲ್ಲಿಸಬೇಕು, ಯಾವ ಮಾತ್ರೆ ಯಾಕೆ, ಬಿಪಿ ಮತ್ತು ಕೊಲೆಸ್ಟ್ರಾಲ್ ಎಷ್ಟಿರಬೇಕು, ಸಿಗರೇಟು ಬಿಡುವುದು ಹೇಗೆ, ರಾತ್ರಿ ಎದೆ ಹಿಡಿದಂತಾದರೆ ಏನು ಮಾಡಬೇಕು, ಇದೆಲ್ಲ ಅದರೊಳಗೆ ಬರುತ್ತದೆ. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲದಂತೆ ಎರಡು ಮೂರು ತಿಂಗಳು ನಡೆಯುತ್ತದೆ. ಕಾಕ್ರೇನ್ ಎಂಬುದು ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ. ಅದರ 2021ರ ಪರಾಮರ್ಶೆ 85 ಪ್ರಯೋಗಗಳನ್ನು, 23,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ವ್ಯಾಯಾಮ ಸೇರಿದ ರಿಹ್ಯಾಬ್ ಮಾಡಿದವರಲ್ಲಿ ಹೃದಯದ ಕಾಯಿಲೆಯಿಂದ ಸಾಯುವವರು, ಮತ್ತೆ ಹಾರ್ಟ್ ಅಟ್ಯಾಕ್ ಆಗುವವರು, ಮತ್ತೆ ಆಸ್ಪತ್ರೆ ಸೇರುವವರು ಕಡಿಮೆ ಇದ್ದರು.

ಅದಕ್ಕೇ ಹೋಲಿಕೆ ಶುರು ಮಾಡುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸೆಂಟರ್ ಒಳ್ಳೆಯದಾ ಮನೆ ಒಳ್ಳೆಯದಾ ಅಂತ ಯೋಚಿಸುತ್ತಾ ಎರಡನ್ನೂ ಮಾಡದೆ ಕುಳಿತುಬಿಡುವುದೇ ಅತಿ ಹೆಚ್ಚು ನಷ್ಟದ ಆಯ್ಕೆ. ಬಹಳ ಜನ ಮಾಡುವುದು ಅದನ್ನೇ. ಹೆಂಗಸರು ಮತ್ತು ವಯಸ್ಸಾದವರಂತೂ ರಿಹ್ಯಾಬ್‌ಗೆ ಸೇರುವುದು ಇನ್ನೂ ಕಡಿಮೆ. ಎಷ್ಟೋ ಸಲ ಅವರಿಗೆ ಯಾರೂ ಹೇಳಿಯೇ ಇರುವುದಿಲ್ಲ.

ಫಲಿತಾಂಶದಲ್ಲಿ ಯಾವುದು ಮುಂದೆ?

ಯಾವುದೂ ಅಲ್ಲ. ಮನೆಯ ರಿಹ್ಯಾಬ್ ಮತ್ತು ಸೆಂಟರ್ ರಿಹ್ಯಾಬ್ ಎರಡನ್ನೂ ನೇರವಾಗಿ ಹೋಲಿಸಿದ 24 ಪ್ರಯೋಗಗಳನ್ನು 2023ರ ಕಾಕ್ರೇನ್ ಪರಾಮರ್ಶೆ ನೋಡಿತು. ಒಟ್ಟು 3,000ಕ್ಕಿಂತ ಸ್ವಲ್ಪ ಜಾಸ್ತಿ ರೋಗಿಗಳು. ಒಂದು ವರ್ಷದವರೆಗಿನ ಲೆಕ್ಕದಲ್ಲಿ ಸಾವು, ದೇಹದ ಶಕ್ತಿ, ಬದುಕಿನ ಗುಣಮಟ್ಟ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಈ ಮಾತನ್ನು ಸ್ವಲ್ಪ ಹುಷಾರಾಗಿ ತೆಗೆದುಕೊಳ್ಳಬೇಕು. ಇಂಥ ಪ್ರಯೋಗಗಳಲ್ಲಿ ಇದ್ದವರು ಹೆಚ್ಚಾಗಿ ಕಡಿಮೆ ಅಥವಾ ಮಧ್ಯಮ ಅಪಾಯದ ರೋಗಿಗಳು. ಅವರಿಗೆ ಮನೆಯಲ್ಲಿ ಮಾಡಿ ಅಂತ ಒಂದು ಕಾಗದ ಕೊಟ್ಟು ಕಳಿಸಿರಲಿಲ್ಲ. ಮೊದಲು ಪರೀಕ್ಷೆ ಮಾಡಿ, ಅವರವರಿಗೆ ತಕ್ಕ ಯೋಜನೆ ಬರೆದುಕೊಟ್ಟು, ನರ್ಸ್ ಅಥವಾ ಫಿಸಿಯೋಥೆರಪಿಸ್ಟ್ ಫೋನ್ ಮಾಡುತ್ತಲೋ ಮನೆಗೆ ಬರುತ್ತಲೋ ಇದ್ದರು. ಅಂದರೆ ಸೆಂಟರ್‌ಗೆ ಸಮನಾಗಿ ನಿಂತದ್ದು ನೋಡಿಕೊಳ್ಳುವ ಮನುಷ್ಯ ಇರುವ ಮನೆಯ ರಿಹ್ಯಾಬ್. ಫೋನಿಗೆ ಒಂದು ಆ್ಯಪ್ ಹಾಕಿಕೊಂಡು ಹೆಜ್ಜೆ ಎಣಿಸುವುದು ಅದಲ್ಲ.

ಸರಾಸರಿ ಲೆಕ್ಕ ಸಮ ಅಂದಮೇಲೆ ಯಾವುದಾದರೂ ಆಗುತ್ತದೆ ಅಂತ ಅರ್ಥವಲ್ಲ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಮೂರನೇ ವಾರಕ್ಕೆ ಸಾಕಾಗಿಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಆಯ್ಕೆಯನ್ನು ತೀರ್ಮಾನಿಸಬೇಕಾದದ್ದು ಎರಡು ಪ್ರಶ್ನೆ: ನಿಮಗೆ ಯಾವುದರ ಭಯ ಜಾಸ್ತಿ? ನಿಮ್ಮನ್ನು ತಡೆಯುತ್ತಿರುವುದು ಏನು? ರೋಗಿಗಳ ಅನುಭವ ಕೇಳುತ್ತಾ ಹೋದರೆ ಬಹುತೇಕ ಈ ಎರಡರ ಸುತ್ತಲೇ ಇರುತ್ತವೆ.

ಸೆಂಟರ್‌ನಲ್ಲಿ ಸಿಗುವುದು

ಹೃದಯಕ್ಕೆ ಒಮ್ಮೆ ಪೆಟ್ಟು ಬಿದ್ದವರಿಗೆ ತಮ್ಮ ದೇಹದ ಮೇಲಿನ ನಂಬಿಕೆ ಹೋಗಿಬಿಟ್ಟಿರುತ್ತದೆ. ಮೆಟ್ಟಿಲು ಹತ್ತಿದಾಗ ಎದೆ ಬಡಿದುಕೊಂಡರೆ, ಇದು ಸಹಜವಾ ಅಥವಾ ಮತ್ತೆ ಶುರುವಾಯ್ತಾ? ಗೊತ್ತಾಗುವುದಿಲ್ಲ. ಗೊತ್ತಾಗದೆ ಮೆಟ್ಟಿಲು ಹತ್ತುವುದನ್ನೇ ಬಿಡುತ್ತಾರೆ. ಆಮೇಲೆ ಹೊರಗೆ ಹೋಗುವುದನ್ನು ಬಿಡುತ್ತಾರೆ. ಹೆಂಡತಿಯ ಅಥವಾ ಗಂಡನ ಪಕ್ಕದಲ್ಲಿ ಮಲಗುವುದಕ್ಕೂ ಭಯಪಡುವವರಿದ್ದಾರೆ.

ಒಂದು ಕಾಲದಲ್ಲಿ ಈ ಭಯ ವೈದ್ಯರಿಗೂ ಇತ್ತು. ಹಾರ್ಟ್ ಅಟ್ಯಾಕ್ ಆದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸಿಡುತ್ತಿದ್ದರು. 1950ರ ದಶಕದ ಆರಂಭದಲ್ಲಿ ಬಾಸ್ಟನ್‌ನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ರೋಗಿಗಳನ್ನು ಬೇಗ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿಯಲ್ಲಿ ಕೂರುವುದೇ ಆಗ ದೊಡ್ಡ ಧೈರ್ಯದ ಕೆಲಸ. ಇವತ್ತು ಮಲಗಿಯೇ ಇರುವುದರಿಂದ ಹಾನಿ ಅಂತ ಎಲ್ಲ ಡಾಕ್ಟರಿಗೂ ಗೊತ್ತು. ರೋಗಿಯ ಮನಸ್ಸಿನಲ್ಲಿ ಮಾತ್ರ ಆ ಹಳೆಯ ಭಯ ಹಾಗೇ ಇದೆ.

ಸೆಂಟರ್ ಮಾಡುವ ದೊಡ್ಡ ಕೆಲಸ ಈ ಭಯ ಬಿಡಿಸುವುದು. ಎದೆಗೆ ಇಸಿಜಿ ತಂತಿ ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ. ಪಕ್ಕದಲ್ಲಿ ಒಬ್ಬರು ಬಿಪಿ ನೋಡುತ್ತಿರುತ್ತಾರೆ. ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ಬೆವರು ಬರುತ್ತದೆ, ಏನೂ ಆಗುವುದಿಲ್ಲ. ‘ಪರದೆ ನೋಡಿ, ಎಲ್ಲ ಸರಿಯಾಗಿದೆ’ ಅಂತ ಅವರು ತೋರಿಸುತ್ತಾರೆ. ನಾಲ್ಕಾರು ಸಲ ಹೀಗಾದರೆ ಮನೆಯಲ್ಲಿ ಮೆಟ್ಟಿಲು ಹತ್ತುವ ಧೈರ್ಯ ತಾನಾಗಿ ಬರುತ್ತದೆ. ಸೆಂಟರ್‌ಗೆ ಹೋದವರು ಮತ್ತೆ ಮತ್ತೆ ಹೇಳುವ ಮಾತು ಇದೇ: ಅಲ್ಲಿ ಏನಾದರೂ ಆದರೂ ನೋಡಿಕೊಳ್ಳುವವರಿದ್ದಾರೆ ಎಂಬ ನೆಮ್ಮದಿ. ವಾಸ್ತವದಲ್ಲಿ ಏನಾದರೂ ಆಗುವುದು ಬಹಳ ಅಪರೂಪ.

ಸೆಂಟರ್‌ನಲ್ಲಿ ಸಿಗುವ ಇನ್ನೊಂದು ಲಾಭ ಅಂದರೆ ಜೊತೆಯವರು. ಪಕ್ಕದ ಸೈಕಲ್ ಮೇಲೆ ಕುಳಿತವರಿಗೂ ಎದೆಯ ಮೇಲೆ ಅದೇ ಗಾಯದ ಗೆರೆ. ಅವರು ನಿಮಗಿಂತ ಆರು ವಾರ ಮುಂದಿದ್ದಾರೆ, ನಗುತ್ತಾ ಪೆಡಲ್ ತುಳಿಯುತ್ತಿದ್ದಾರೆ. ಮನೆಯವರ ಹತ್ತಿರ ಹೇಳಿಕೊಳ್ಳಲಾಗದ್ದನ್ನು ಇವರ ಹತ್ತಿರ ಹೇಳಿಕೊಳ್ಳಬಹುದು. ರಾತ್ರಿ ನಿದ್ದೆ ಬರುವುದಿಲ್ಲ, ಸುಮ್ನೆ ಅಳು ಬರುತ್ತದೆ, ಸಣ್ಣದಕ್ಕೂ ಸಿಟ್ಟು ಬರುತ್ತದೆ ಅಂದರೆ ‘ನನಗೂ ಹಾಗೇ ಆಗಿತ್ತು’ ಅನ್ನುವ ಒಬ್ಬರು ಅಲ್ಲಿ ಸಿಗುತ್ತಾರೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಅವರಿಗೆ ಈ ಒಂದು ಮಾತಿನಿಂದ ಆಗುವ ಸಹಾಯ ಸಣ್ಣದಲ್ಲ. ನುರಿತ ನರ್ಸ್ ಆದರೆ ಒಳಗೆ ಬರುವ ನಡಿಗೆ, ಮುಖ ನೋಡಿಯೇ ಇವತ್ತು ಏನೋ ಸರಿಯಿಲ್ಲ ಅಂತ ಗುರುತಿಸುತ್ತಾರೆ. ವೀಡಿಯೊ ಕಾಲ್‌ನಲ್ಲಿ ಇದು ಅಷ್ಟು ಸುಲಭವಲ್ಲ.

ಕಷ್ಟಗಳೂ ಇವೆ. ದೂರ, ಓಡಾಟ, ಕೆಲಸಕ್ಕೆ ರಜೆ, ಕರೆದುಕೊಂಡು ಹೋಗುವವರು ಯಾರು ಎಂಬ ಪ್ರಶ್ನೆ. ಬೈಪಾಸ್ ಆದವರು ಕೆಲವು ವಾರ ಗಾಡಿ ಓಡಿಸುವಂತಿಲ್ಲ. ಒಂದು ಗಂಟೆಯ ಸೆಷನ್‌ಗೆ ಅರ್ಧ ದಿನ ಹೋಗುತ್ತದೆ. ಗುಂಪಿನಲ್ಲಿ ವ್ಯಾಯಾಮ ಮಾಡಲು ಮುಜುಗರ ಪಡುವವರಿದ್ದಾರೆ, ಅದರಲ್ಲೂ ಗಂಡಸರೇ ತುಂಬಿರುವ ಕೋಣೆಯಲ್ಲಿ ಒಬ್ಬರೋ ಇಬ್ಬರೋ ಹೆಂಗಸರಿದ್ದರೆ. ನಲವತ್ತರ ಆಸುಪಾಸಿನವರು ಒಳಗೆ ಬಂದು ಸುತ್ತ ಎಪ್ಪತ್ತು ದಾಟಿದವರನ್ನೇ ನೋಡಿ, ಇದು ನನ್ನ ಜಾಗ ಅಲ್ಲ ಅಂತ ಬಿಟ್ಟುಬಿಡುವುದೂ ಉಂಟು.

ಸೆಂಟರ್‌ನ ದೊಡ್ಡ ತೊಂದರೆ ಕೊನೆಯಲ್ಲಿ ಬರುತ್ತದೆ. ಹನ್ನೆರಡನೇ ವಾರ ಮುಗಿದ ಮೇಲೆ ಟ್ರೆಡ್‌ಮಿಲ್ ಇಲ್ಲ, ಜೊತೆಯವರಿಲ್ಲ, ಬಿಪಿ ನೋಡುವವರಿಲ್ಲ. ಅಲ್ಲಿ ಬಂದ ಧೈರ್ಯ ಆ ಕೋಣೆಗೇ ಅಂಟಿಕೊಂಡಿದ್ದರೆ ಮನೆಯಲ್ಲಿ ಮತ್ತೆ ಮೊದಲಿನಂತೆ. ಕೈಬಿಟ್ಟಂತಾಯ್ತು ಅಂತ ಎಷ್ಟೋ ರೋಗಿಗಳು ಹೇಳುತ್ತಾರೆ. ಇದಕ್ಕೆ ಮೊದಲೇ ತಯಾರಿ ಬೇಕು. ಕೊನೆಯ ತಿಂಗಳಲ್ಲೇ ವಾರಕ್ಕೆ ಎರಡು ದಿನ ಮನೆ ಹತ್ತಿರ ನಡೆಯಲು ಶುರು ಮಾಡಿ.

ಮನೆಯಲ್ಲಿ ಸಿಗುವುದು

2020ರಲ್ಲಿ ಕೋವಿಡ್ ಬಂದು ಸೆಂಟರ್‌ಗಳು ಮುಚ್ಚಿದಾಗ ದೂರದ ರಿಹ್ಯಾಬ್ ಜಗತ್ತಿನಾದ್ಯಂತ ಒಮ್ಮೆಲೇ ಬೆಳೆಯಿತು. ಹಾಗಂತ ಇದು ಆಗ ಹುಟ್ಟಿದ್ದಲ್ಲ. 1990ರ ದಶಕದ ಆರಂಭದಲ್ಲೇ ಸ್ಕಾಟ್ಲೆಂಡ್‌ನ ಎಡಿನ್‌ಬರೋದಲ್ಲಿ ‘ಹಾರ್ಟ್ ಮ್ಯಾನ್ಯುಯಲ್’ ಎಂಬ ಮನೆಯ ಕಾರ್ಯಕ್ರಮ ಇತ್ತು. ಆರು ವಾರಕ್ಕೆ ಆಗುವ ಪುಸ್ತಕ, ಕ್ಯಾಸೆಟ್ಟು, ಜೊತೆಗೆ ತರಬೇತಿ ಪಡೆದ ನರ್ಸ್‌ ಸಹಾಯ. ಇಂಟರ್ನೆಟ್ ಇಲ್ಲದೆಯೇ ಅದು ನಡೆಯಿತು. ವಿಷಯ ತಂತ್ರಜ್ಞಾನದ್ದಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಮನೆಯಲ್ಲಿ ಮಾಡಿದವರು ಮೆಚ್ಚುವುದು ಮೊದಲಿಗೆ ಸಮಯವನ್ನು. ಬೆಳಿಗ್ಗೆ ಬೇಗ ಅಥವಾ ಕೆಲಸ ಮುಗಿದ ಮೇಲೆ, ತಮಗೆ ಆಗುವಾಗ ಮಾಡುತ್ತಾರೆ. ಹಾಗಾಗಿ ಬೇಗ ಕೆಲಸಕ್ಕೆ ಮರಳಿದವರಿಗೆ, ಮನೆಯಲ್ಲಿ ಚಿಕ್ಕ ಮಕ್ಕಳನ್ನೋ ಹಿರಿಯರನ್ನೋ ನೋಡಿಕೊಳ್ಳುವವರಿಗೆ ಎಷ್ಟೋ ಸಲ ಇರುವ ದಾರಿ ಇದೊಂದೇ. ಎರಡನೆಯದು, ಅಭ್ಯಾಸ ಹುಟ್ಟಿದ್ದೇ ಮನೆಯಲ್ಲಿ. ದಿನಾ ನಡೆಯುವ ದಾರಿ, ದಿನಾ ಹಾಕುವ ಶೂ, ದಿನದ ಅದೇ ಹೊತ್ತು. ಕಾರ್ಯಕ್ರಮ ಮುಗಿದ ಮರುದಿನವೂ ಇವು ಅಲ್ಲೇ ಇರುತ್ತವೆ. ಮನೆಯವರೂ ಜೊತೆಗೆ ನಡೆಯಲು ಶುರು ಮಾಡಿದರೆ ಇನ್ನೂ ಒಳ್ಳೆಯದು.

ಮನೆಯವರ ವಿಷಯದಲ್ಲಿ ಇನ್ನೊಂದು ಮಾತಿದೆ. ಪ್ರೀತಿಯಿಂದಲೇ ಅವರು ದೊಡ್ಡ ಅಡ್ಡಿಯೂ ಆಗಬಹುದು. ‘ಸಾಕು ಕೂತ್ಕೊಳ್ಳಿ’, ‘ನೀವು ಯಾಕೆ ಎತ್ತುತ್ತೀರಿ, ಕೊಡಿ ಇಲ್ಲಿ’, ‘ಅಪ್ಪಾ, ಇವತ್ತು ಬೇಡ, ಸುಸ್ತಾಗಿ ಕಾಣ್ತಿದ್ದೀರಿ’. ಅವರಿಗೂ ಭಯ, ಅಲ್ವಾ? ಆ ರಾತ್ರಿ ಆಂಬುಲೆನ್ಸ್‌ಗೆ ಫೋನ್ ಮಾಡಿದ್ದು ಅವರೇ. ಸೆಂಟರ್‌ನಲ್ಲಾದರೆ ಅವರು ಹೊರಗೆ ಕುಳಿತಿರುತ್ತಾರೆ. ಮನೆಯಲ್ಲಿ ಪ್ರತಿ ಸೆಷನ್ ಅವರ ಕಣ್ಣೆದುರೇ. ಹಾಗಾಗಿ ಮನೆಯ ರಿಹ್ಯಾಬ್ ಆರಿಸುವವರು ಮೊದಲ ವೀಡಿಯೊ ಕಾಲ್‌ಗೆ ಅವರನ್ನೂ ಕೂರಿಸಿಕೊಳ್ಳಬೇಕು. ಎಷ್ಟು ಏದುಸಿರು ಸಹಜ, ಯಾವುದು ಅಲ್ಲ ಎನ್ನುವುದನ್ನು ಅವರು ಫಿಸಿಯೋ ಬಾಯಿಂದಲೇ ಕೇಳಲಿ. ನೀವು ಹೇಳಿದರೆ ನಂಬುವುದಿಲ್ಲ.

ಮನೆಯಲ್ಲಿ ಮಾಡುವವರು ಹೇಳುವ ದೂರು ಹೆಚ್ಚಾಗಿ ಒಂಟಿತನದ್ದು. ಆಮೇಲೆ ಎಷ್ಟು ಜೋರಾಗಿ ಮಾಡಬೇಕು ಎಂಬ ಗೊಂದಲ. ಭಯ ಇರುವವರು ಬಹಳ ಕಡಿಮೆ ಮಾಡುತ್ತಾರೆ, ತಿಂಗಳಾದರೂ ಸುಧಾರಣೆ ಕಾಣುವುದಿಲ್ಲ. ಹಟ ಇರುವವರು ಮೊದಲ ವಾರವೇ ಮಿತಿ ಮೀರುತ್ತಾರೆ. ಇಂಟರ್ನೆಟ್ ಕೈಕೊಡುವುದು, ನಾಡಿ ಅಳೆಯಲು ಎದೆಗೆ ಕಟ್ಟುವ ಬೆಲ್ಟ್ ಫೋನಿಗೆ ಕನೆಕ್ಟ್ ಆಗದಿರುವುದು, ಪಾಸ್‌ವರ್ಡ್ ಮರೆಯುವುದು ಇದ್ದದ್ದೇ. ಅದಕ್ಕೇ ಫೋನಿನ ಗೊಡವೆಯೇ ಬೇಡ ಅನ್ನುವ ಹಿರಿಯರಿಗೆ ಬರೀ ಧ್ವನಿ ಕರೆ ಮತ್ತು ಬರೆದಿಡುವ ಪುಸ್ತಕ ಇರುವ ಕಾರ್ಯಕ್ರಮ ಸಿಗುತ್ತದಾ ಕೇಳಿ. ಅಷ್ಟರಿಂದಲೇ ಚೆನ್ನಾಗಿ ಮಾಡಿದವರು ಬಹಳ ಜನ ಇದ್ದಾರೆ.

ಎಷ್ಟು ಜೋರು ಅಂತ ತಿಳಿಯುವುದು ಹೇಗೆ

ಎಲ್ಲೇ ಮಾಡಿದರೂ ಇದು ಬೇಕು. ಮನೆಯಲ್ಲಿ ಮಾಡುವವರಿಗಂತೂ ಇದೇ ಕಾವಲು.

ವಯಸ್ಸನ್ನು 220ರಿಂದ ಕಳೆದು ನಾಡಿಮಿತಿ ಹಾಕಿಕೊಳ್ಳುವ ಲೆಕ್ಕ ಬೇಡ. ಹೃದಯದ ರೋಗಿಗಳಲ್ಲಿ ಬಹಳ ಜನ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು ನಾಡಿಯನ್ನೇ ಇಳಿಸುತ್ತದೆ. ಹಾಗಾಗಿ ಆ ಲೆಕ್ಕದ ಸಂಖ್ಯೆ ಮುಟ್ಟಲು ಹೋದರೆ ಅತಿಯಾಗಿಬಿಡುತ್ತದೆ. ಕೈಗಡಿಯಾರದಂಥ ಬ್ಯಾಂಡ್‌ಗಳೂ ಜೋರು ವ್ಯಾಯಾಮದಲ್ಲಿ, ಅದರಲ್ಲೂ ಹೃದಯದ ಬಡಿತ ತಾಳ ತಪ್ಪುವವರಲ್ಲಿ, ಸರಿಯಾಗಿ ಓದುವುದಿಲ್ಲ. ಎದೆಗೆ ಕಟ್ಟುವ ಬೆಲ್ಟ್ ಅದಕ್ಕಿಂತ ನಂಬಿಕಸ್ಥ. ನಿಮ್ಮ ನಾಡಿ ಎಷ್ಟರೊಳಗೆ ಇರಬೇಕು ಅಂತ ನಿಮ್ಮ ಟ್ರೆಡ್‌ಮಿಲ್ ಪರೀಕ್ಷೆ ನೋಡಿ ತಂಡದವರೇ ಹೇಳಲಿ. ಐಸಿಡಿ (ಬಡಿತ ಅಪಾಯಕಾರಿಯಾದಾಗ ಒಳಗಿನಿಂದಲೇ ಶಾಕ್ ಕೊಟ್ಟು ಸರಿಪಡಿಸುವ ಯಂತ್ರ) ಅಳವಡಿಸಿಕೊಂಡವರಿಗೆ ಇದು ಇನ್ನೂ ಮುಖ್ಯ, ಆ ಯಂತ್ರ ಶಾಕ್ ಕೊಡುವ ನಾಡಿಮಿತಿಗಿಂತ ಸಾಕಷ್ಟು ಕೆಳಗೇ ಇರಬೇಕು.

ಎಲ್ಲರಿಗೂ ಆಗುವ ಅಳತೆ ಅಂದರೆ ನಿಮ್ಮ ಮಾತು. ನಡೆಯುವಾಗ ಆರಾಮಾಗಿ ವಾಕ್ಯ ಮಾತಾಡಬಹುದು, ಹಾಡಲು ಮಾತ್ರ ಉಸಿರು ಸಾಲದು ಅಂದರೆ ಸರಿಯಾದ ವೇಗ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ನಿಧಾನ ಮಾಡಿ. ಇದರ ಜೊತೆಗೆ ಬೋರ್ಗ್ ಅಳತೆ ಕಲಿಯಿರಿ. ಸ್ವೀಡನ್‌ನ ಗುನ್ನಾರ್ ಬೋರ್ಗ್ ಮಾಡಿದ್ದು. 6ರಿಂದ 20ರವರೆಗೆ ನಿಮಗೆ ಎಷ್ಟು ಶ್ರಮ ಅನ್ನಿಸುತ್ತಿದೆ ಎಂಬುದಕ್ಕೆ ನೀವೇ ಅಂಕ ಕೊಡುವುದು. ರಿಹ್ಯಾಬ್‌ನಲ್ಲಿ ಸಾಮಾನ್ಯವಾಗಿ 11ರಿಂದ 14ರ ನಡುವೆ ಇರಿ ಅನ್ನುತ್ತಾರೆ. ಶುರುವಿನಲ್ಲಿ ಹತ್ತು ಹದಿನೈದು ನಿಮಿಷ ಮೆಲ್ಲಗೆ ಮೈ ಬಿಸಿ ಮಾಡಿಕೊಳ್ಳುವುದನ್ನು, ಕೊನೆಗೆ ಹತ್ತು ನಿಮಿಷ ನಿಧಾನಕ್ಕೆ ಇಳಿಸುವುದನ್ನು ಯಾವತ್ತೂ ಬಿಡಬೇಡಿ. ಮನೆಯಲ್ಲಿ ಜನ ಮೊದಲು ಕೈಬಿಡುವುದು ಇದನ್ನೇ.

ಎದೆನೋವು, ಎದೆ ಬಿಗಿತ, ತಲೆಸುತ್ತು, ಬಡಿತ ಅಡ್ಡಾದಿಡ್ಡಿ ಆಗುವುದು, ಮಾಮೂಲಿಗಿಂತ ಜಾಸ್ತಿ ಉಬ್ಬಸ ಬಂದರೆ ಅಲ್ಲೇ ನಿಲ್ಲಿಸಿ ಕುಳಿತುಕೊಳ್ಳಿ. ನಾಲಿಗೆ ಕೆಳಗಿನ ಮಾತ್ರೆ ಅಥವಾ ಸ್ಪ್ರೇ ಕೊಟ್ಟಿದ್ದರೆ ಡಾಕ್ಟರು ಹೇಳಿದಂತೆ ತೆಗೆದುಕೊಳ್ಳಿ. ಎದೆನೋವು ಕಡಿಮೆಯಾಗದಿದ್ದರೆ ರಿಹ್ಯಾಬ್ ತಂಡಕ್ಕೆ ಮೆಸೇಜ್ ಹಾಕಿ ಕಾಯುವುದಲ್ಲ, ಆಂಬುಲೆನ್ಸ್ ಕರೆಯಿರಿ. ಹಾರ್ಟ್ ಫೇಲ್ಯೂರ್, ಅಂದರೆ ಹೃದಯಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ, ಇರುವವರು ದಿನಾ ಬೆಳಿಗ್ಗೆ ತೂಕ ನೋಡಬೇಕು. ಎರಡು ಮೂರು ದಿನದಲ್ಲಿ ಸುಮಾರು ಎರಡು ಕಿಲೋ ಏರಿದರೆ ಅದು ಹೆಚ್ಚಾಗಿ ಕೊಬ್ಬಲ್ಲ, ನೀರು. ಅವತ್ತೇ ಫೋನ್ ಮಾಡಿ.

ಯಾರು ಸೆಂಟರ್‌ನಿಂದಲೇ ಶುರು ಮಾಡಬೇಕು

ಇಲ್ಲಿ ನನಗೆ ಅನುಮಾನವಿಲ್ಲ. ಹೃದಯ ನಿಂತು ಮತ್ತೆ ಬದುಕಿದವರು, ಅಪಾಯಕಾರಿ ಬಡಿತದ ತೊಂದರೆ ಇರುವವರು, ಸ್ವಲ್ಪ ಶ್ರಮಕ್ಕೇ ಎದೆನೋವು ಬರುವವರು, ಹೃದಯದ ಪಂಪಿಂಗ್ ಬಹಳ ಇಳಿದಿರುವವರು ಮೊದಲ ಕೆಲವು ವಾರವಾದರೂ ಇಸಿಜಿ ನೋಡುವವರ ಎದುರು ಮಾಡಬೇಕು. ಹಾರ್ಟ್ ಫೇಲ್ಯೂರ್ ಇದ್ದ ಮಾತ್ರಕ್ಕೆ ಮನೆಯ ರಿಹ್ಯಾಬ್ ಆಗಲ್ಲ ಅಂತಲ್ಲ. ಬ್ರಿಟನ್‌ನ ರೀಚ್-ಎಚ್‌ಎಫ್ ಎಂಬ ಕಾರ್ಯಕ್ರಮ ಅವರಿಗಾಗಿಯೇ ಮನೆಯಲ್ಲಿ ಮಾಡಲು ರೂಪಿಸಿದ್ದು. ಆದರೆ ಆ ತೀರ್ಮಾನ ಡಾಕ್ಟರದು. ಪದೇ ಪದೇ ಬೀಳುವ ಭಯ ಇರುವವರು, ಮನೆಯಲ್ಲಿ ಹಗಲು ಹೊತ್ತು ಒಬ್ಬರೇ ಇರುವವರು ಕೂಡ ಸೆಂಟರ್ ಕಡೆಗೇ ಯೋಚಿಸುವುದು ಒಳ್ಳೆಯದು. ಕಾರಣವಿಲ್ಲದೆ ಮನಸ್ಸು ಕುಗ್ಗಿ ಹಾಸಿಗೆ ಬಿಟ್ಟು ಏಳಲು ಆಗದವರೂ ಅಷ್ಟೇ. ಅಂಥವರಿಗೆ ಮನೆಯಿಂದ ಹೊರಗೆ ಕಾಲಿಡುವುದೇ ಅರ್ಧ ಚಿಕಿತ್ಸೆ.

ಸ್ಟೆಂಟ್ ಹಾಕಿ ತೊಂದರೆಯಿಲ್ಲದೆ ಚೇತರಿಸಿಕೊಂಡವರು, ಪರೀಕ್ಷೆಯಲ್ಲಿ ಕಡಿಮೆ ಅಪಾಯ ಅಂತ ಬಂದವರು ಧೈರ್ಯವಾಗಿ ಮನೆಯದನ್ನು ಆರಿಸಬಹುದು. ಬೈಪಾಸ್ ಆದವರು ಎದೆಮೂಳೆ ಕೂಡುವವರೆಗೆ ಭಾರ ಎತ್ತುವ, ತಳ್ಳುವ, ಎಳೆಯುವ ವ್ಯಾಯಾಮಗಳನ್ನು ತಂಡ ಹೇಳುವ ತನಕ ಮುಟ್ಟಬಾರದು. ಮನೆಯಲ್ಲಿ ವೀಡಿಯೊ ನೋಡಿ ಮಾಡುವವರು ಇಲ್ಲೇ ಎಡವುತ್ತಾರೆ.

ಎರಡನ್ನೂ ಸೇರಿಸಿ ಮಾಡುವ ಕಾರ್ಯಕ್ರಮ ಸಿಕ್ಕರೆ ನಾನು ಅದನ್ನೇ ಹೇಳುತ್ತೇನೆ. ಮೊದಲ ಕೆಲವು ಸೆಷನ್ ಸೆಂಟರ್‌ನಲ್ಲಿ, ಭಯ ಬಿಟ್ಟು ಅಳತೆ ಗೊತ್ತಾದ ಮೇಲೆ ಮನೆಯಲ್ಲಿ, ನಡುವೆ ಒಂದೆರಡು ಸಲ ಮತ್ತೆ ಸೆಂಟರ್. ಕೆಲಸ, ದೂರ ಎರಡೂ ಅಡ್ಡ ಇರುವವರೂ ಇಷ್ಟನ್ನು ಹೇಗೋ ಹೊಂದಿಸಿಕೊಳ್ಳಬಹುದು.

ಸೇರುವ ಮೊದಲು ಕೇಳಬೇಕಾದ್ದು

ಮನೆಯ ಕಾರ್ಯಕ್ರಮವಾದರೆ ಮೊದಲು ಕೇಳಿ: ನನ್ನ ರೀಡಿಂಗ್‌ಗಳನ್ನು ಯಾರು ನೋಡುತ್ತಾರೆ, ಆಗಲೇ ನೋಡುತ್ತಾರಾ ಅಥವಾ ವಾರಕ್ಕೊಮ್ಮೆಯಾ? ವ್ಯತ್ಯಾಸ ದೊಡ್ಡದು. ವೀಡಿಯೊದಲ್ಲಿ ಎದುರಿಗಿದ್ದು ಮಾಡಿಸುವ ಸೆಷನ್ ಬೇರೆ, ನೀವೇ ಮಾಡಿ ದಾಖಲೆ ಕಳಿಸುವುದು ಬೇರೆ. ಎರಡಕ್ಕೂ ‘ಆನ್‌ಲೈನ್ ರಿಹ್ಯಾಬ್’ ಅಂತಲೇ ಹೆಸರು. ಶುರು ಮಾಡುವ ಮೊದಲು ಟ್ರೆಡ್‌ಮಿಲ್ ಅಥವಾ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡುತ್ತಾರಾ? ಮಾಡುವುದಿಲ್ಲ ಅಂದರೆ ಬೇರೆಯದು ಹುಡುಕಿ. ಪರೀಕ್ಷೆ ಇಲ್ಲದೆ ಬರೆದ ವ್ಯಾಯಾಮ ನಿಮಗಾಗಿ ಬರೆದದ್ದಲ್ಲ.

ಸೆಂಟರ್ ಆದರೆ ಒಂದು ದಿನ ಸುಮ್ನೆ ಹೋಗಿ ನೋಡಿ ಬನ್ನಿ. ಒಬ್ಬ ಸಿಬ್ಬಂದಿಗೆ ಎಷ್ಟು ರೋಗಿಗಳಿದ್ದಾರೆ, ನಿಮ್ಮ ವಯಸ್ಸಿನವರಿದ್ದಾರಾ, ಹೆಂಗಸರಿಗೆ ಬೇರೆ ಹೊತ್ತು ಇದೆಯಾ, ಒಂದು ವಾರ ತಪ್ಪಿದರೆ ಏನು ಮಾಡುತ್ತಾರೆ ಅಂತ ಕೇಳಿ. ಖರ್ಚು ಮತ್ತು ವಿಮೆಯ ಮಾತು ಎರಡಕ್ಕೂ ಮೊದಲೇ ಬರಹದಲ್ಲಿ ಇರಲಿ. ಸೆಂಟರ್‌ಗೆ ಹಣ ಕೊಡುವ ಎಲ್ಲ ವಿಮೆಗಳೂ ಮನೆಯದಕ್ಕೆ ಕೊಡುವುದಿಲ್ಲ.

ಎರಡು ಕಡೆಯೂ ಕೇಳಲೇಬೇಕಾದ ಇನ್ನೊಂದು: ಮನಸ್ಸು ಸರಿಯಿಲ್ಲದಿದ್ದರೆ ಇಲ್ಲಿ ಯಾರ ಹತ್ತಿರ ಮಾತಾಡಬಹುದು? ಒಂದು ಹೆಸರು ಹೇಳಿದರೆ ಒಳ್ಳೆಯ ಲಕ್ಷಣ.

ಆರಿಸಿದ ಮೇಲೂ ಅದು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಎರಡು ಮೂರು ವಾರ ಮಾಡಿ ನೋಡಿ. ಸೆಷನ್ ತಪ್ಪಿಸಲು ನೆಪ ಹುಡುಕುತ್ತಿದ್ದೀರಿ ಅಂದರೆ ಬಿಡುವ ಮೊದಲು ಫೋನ್ ಮಾಡಿ, ಯಾವುದು ಆಗುತ್ತಿಲ್ಲ ಅಂತ ಬಿಡಿಸಿ ಹೇಳಿ, ಇನ್ನೊಂದಕ್ಕೆ ಬದಲಾಯಿಸಿ ಅಂತ ಕೇಳಿ. ತಂಡದವರು ಬೇಜಾರು ಮಾಡಿಕೊಳ್ಳುವುದಿಲ್ಲ, ಅವರಿಗೆ ಇದು ಹೊಸದಲ್ಲ. ಕಾರ್ಯಕ್ರಮ ಮುಗಿಯುವ ದಿನ ಮೊದಲು ಮಾಡಿದ ನಡಿಗೆ ಪರೀಕ್ಷೆಯನ್ನೇ ಇನ್ನೊಮ್ಮೆ ಮಾಡಿಸಿಕೊಳ್ಳಿ. ಎರಡೂ ಅಂಕಿಗಳನ್ನು ಬರೆಸಿಕೊಂಡು ಬನ್ನಿ. ಮುಂದೆ ಅನುಮಾನ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನೂ ಅದೇ ಕಾಗದದ ಮೇಲೆ ಬರೆಸಿಕೊಳ್ಳಿ.